ಎಂಟು ಕಾಲು, ಎರಡು ದಿನ

"ತಿಂದಿದ್ದ ಕಕ್ರಮ್ಮೀ. ಗೌರ್ಮೆಂಟ್ ದುಡ್ಡೇನು ನಿಮ್ಮಪ್ಪನ ಮನೇದಾ?"

ಪಂಚಾಯಿತಿ ಸೆಕ್ರೆಟರಿ ಕುರ್ಚಿಯಿಂದ ಏಳದೆಯೇ ಬೈದ. ಕೇರಿಯ ಹನ್ನೊಂದು ಹೆಂಗಸರು ಜಗಲಿಯ ಕೆಳಗೆ ನಿಂತಿದ್ದರು, ಮುಂದೆ ಕೆಂಪಾಜಮ್ಮ. ಉದ್ಯೋಗ ಖಾತ್ರಿ ಬಂದ ಮರುವರ್ಷದ ಮಾತು. ಅರ್ಜಿ ಕೊಟ್ಟು ಹದಿನೈದು ದಿನ ಕಾದರೂ ಕೆಲಸ ಸಿಗದಿದ್ದಾಗ ಇದೇ ಹೆಂಗಸರು ನಂಜನಗೂಡಿಗೆ ಹೋಗಿ, ನಾಲ್ಕು ದಿನ ಧರಣಿ ಕೂತು ನಿರುದ್ಯೋಗ ಭತ್ಯೆ ಹಾಕಿಸಿಕೊಂಡು ಬಂದಿದ್ದರು. ಭತ್ಯೆ ಎಂದರೆ ದಿನಕ್ಕೆ ಕಾಲು ಕೂಲಿ. ಈಗ ನೋಡಿದರೆ ತಲಾ ಎಂಟು ದಿನದ್ದು ಹೆಚ್ಚಿಗೆ ಹೋಗಿದೆಯಂತೆ. ತಪ್ಪು ಬರೆದವನು ಇದೇ ಸೆಕ್ರೆಟರಿ. ಅವನ ಕೈಗೆ ಯಾರೂ ಬರೆ ಹಾಕಲಿಲ್ಲ.

"ವಾಪಸ್ ಕಟ್ಟೋಗಂಟ ಜಾಬ್ ಕಾರ್ಡು ನನ್ತಾವೇ ಇರ್ತವೆ" ಎಂದು ಅವನು ಹನ್ನೊಂದು ಕಾರ್ಡುಗಳನ್ನೂ ಬೀರುವಿಗೆ ಹಾಕಿ ಬೀಗ ಜಡಿದ. ಕಾರ್ಡಿಲ್ಲದೆ ಖಾತ್ರಿ ಕೆಲಸ ಕೇಳುವ ಹಾಗಿಲ್ಲ.

ಪಕ್ಕದಲ್ಲಿ ಕಾಫಿ ಹೀರುತ್ತಿದ್ದ ಅಧ್ಯಕ್ಷ ಚಿಕ್ಕಬಸಪ್ಪನಿಗೆ ಕರುಣೆ ಉಕ್ಕಿತು.

"ಓಗ್ಲಿ ಬುಡಯ್ಯ, ಕಾಸಿಲ್ದೋರು. ಎಂಟ್ ದಿನದ ಕಾಸ್ಗೆ ಎಂಟ್ ದಿನ ನನ್ ಗದ್ದೇಲಿ ಕಬ್ಬು ಕಡೀಲಿ. ಇವುರ ದುಡ್ಡ ನಾನೇ ಕಟ್ತೀನಿ."

ಕೆಂಪಾಜಮ್ಮನ ಮೈ ಉರಿದುಹೋಯಿತು. ಅವಳ ಮಾವ ಅದೇ ಮನೆಯ ಜೀತದಲ್ಲಿ ಸತ್ತವನು.

"ಕಾಲು ಕೂಲಿ ಕೊಟ್ಬುಟ್ಟು ಇಡೀ ದಿನ ದುಡಿಸ್ಕಂಡೀರಾ? ಎಂಟು ಕಾಲು ಸೇರುದ್ರೆ ಎಲ್ಡು ದಿನ. ಕಾಸು ಗೌರ್ಮೆಂಟ್ದು, ಗೌರ್ಮೆಂಟ್ ಕೆಲ್ಸವೇ ಮಾಡ್ತೀವಿ."

"ಅದ್ಯಾವ್ ಕೆಲ್ಸ ಅದೆ ಇಲ್ಲಿ? ಓಗ್ರಮ್ಮಿ, ಕಂಡಿದ್ದೀನಿ" ಎಂದು ಸೆಕ್ರೆಟರಿ ನಕ್ಕ.

ಮರುದಿನ ಬೆಳಿಗ್ಗೆ ಹನ್ನೊಂದು ಜನವೂ ಮಚ್ಚು, ಗುದ್ದಲಿ ಹಿಡಿದು ಕಬ್ಬಿನ ಗದ್ದೆಗೆ ಬಂದರು. ದಾರಿಗೆ ಬಂದವು ಮುಂಡೇವು ಎಂದುಕೊಂಡು ಚಿಕ್ಕಬಸಪ್ಪ ಪಂಪ್‌ಹೌಸಿನ ನೆರಳಲ್ಲಿ ಬೀಡಿ ಹಚ್ಚಿದ. ಅದು ಮುಗಿಯುವಷ್ಟರಲ್ಲಿ ಅವನಿಗೆ ಹೊಳೆಯಿತು. ಅವರು ಗದ್ದೆಯ ಅಂಚಿನಿಂದ ಕಡಿಯುತ್ತಿರಲಿಲ್ಲ. ನಡುವೆ ನುಗ್ಗಿ, ಒಂದು ಗಾಡಿ ಹಿಡಿಯುವಷ್ಟು ಅಗಲಕ್ಕೆ ನೇರವಾಗಿ ಕಬ್ಬು ಕಡಿದು, ಬೇರುಸಮೇತ ಅಗೆದು ಮಟ್ಟ ಮಾಡುತ್ತ ಹೋಗುತ್ತಿದ್ದರು. ಅದು ಕೇರಿಯಿಂದ ಮಸಣಕ್ಕೆ ಹೋಗುವ ಸರ್ಕಾರಿ ದಾರಿ. ಹತ್ತು ವರ್ಷದಿಂದ ಅದರ ಮೇಲೆ ಅಧ್ಯಕ್ಷರ ಕಬ್ಬು, ಕೇರಿಯ ಹೆಣಗಳಿಗೆ ಎದೆಮಟ್ಟದ ನಾಲೆಯೇ ದಾರಿ. ಕೆಂಪಾಜಮ್ಮನ ಅತ್ತೆಯ ಚಟ್ಟ ಆ ನೀರಲ್ಲಿ ಎರಡು ಸಲ ಮುಳುಗಿ ಎದ್ದಿತ್ತು.

"ಸೂಳೇಮುಂಡೇರಾ, ಯಾರ ಜಮೀನ್ಗೆ ಗುದ್ಲಿ ಆಕ್ತಿದ್ದೀರಿ?"

"ಕಬ್ಬು ನಿಮ್ದು, ಬದೀಗೆ ಆಕಿದ್ದೀವಿ, ತಕ್ಕೊಳಿ" ಎಂದಳು ಕೆಂಪಾಜಮ್ಮನ ಪಕ್ಕದಲ್ಲಿ ಅಗೆಯುತ್ತಿದ್ದ ಮಲ್ಲಾಜಮ್ಮ. "ನೆಲ ಗೌರ್ಮೆಂಟ್ದು."

ಸುದ್ದಿ ತಿಳಿದ ಸೆಕ್ರೆಟರಿ ಮೊಪೆಡ್ಡಿನಲ್ಲಿ ಏದುಸಿರು ಬಿಡುತ್ತ ಬಂದ. ಪೊಲೀಸರನ್ನು ಕರೆಸುತ್ತೇನೆ ಎಂದ. ಕೆಂಪಾಜಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, ಅವನ ಮುಖವನ್ನೇ ನೋಡಿದಳು.

"ಕರ್ಸಿ ಸಾ. ಅಂಗೇ ಬೀರು ಬೀಗ ತಗ್ದು ಕಾರ್ಡೂ ತರ್ಸಿ, ಆಜ್ರಿ ಬರ್ಕೊಳಕೆ. ಅನ್ನೊಂದ್ ಜನ, ಒಂದು ದಿನ ತೀರ್ತು. ನಾಳೀಕೆ ಮಸಣ ಮುಟ್ತೀವಿ."

ಗುದ್ದಲಿ ಎತ್ತಿ ಮುಂದಿನ ಕಬ್ಬಿನ ಕೂಳೆಗೆ ಹಾಕಿದಳು.