ಊದಿಕೊಳ್ಳದ ಕೈ

ಸೋಫಾಗಳಿಗೆ ಬಟ್ಟೆ ಹೊದಿಸುವ ನಮ್ಮ ಅಂಗಡಿಯಲ್ಲಿ ಸೂಜಿ ಚುಚ್ಚಿಸಿಕೊಳ್ಳದ ಕೈ ಒಂದೂ ಇಲ್ಲ. ಯಾರಿಗೆ ಚುಚ್ಚಿದರೂ ಭಾವ ಬೆರಳುಗಳ ಹಿಂಬದಿಯನ್ನು ಗಾಯದ ಮೇಲಿಟ್ಟು ನೋಡುತ್ತಿದ್ದರು. ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಡಾಕ್ಟರು, ಇಲ್ಲದಿದ್ದರೆ ಕೆಲಸ. ಅಪ್ಪನ ಕಾಲದಿಂದ ನಡೆದು ಬಂದ ಈ ಪದ್ಧತಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಹಳೆಯ ಕುರ್ಚಿಯೊಂದರ ಕೊಳೆತ ನಾರಿನೊಳಗೆ ಕೈಯಾಡಿಸುವಾಗ ಅಕ್ಕನಿಗೆ ಬಾಗಿದ ಸೂಜಿ ಆಳಕ್ಕೆ ಹೊಕ್ಕಿತು. ಭಾವ ದಿನವೂ ಮುಟ್ಟಿ ನೋಡಿದರು. "ತಣ್ಣಗಿದೆ ಕಣೇ. ಏನಾಗಲ್ಲ."

ಅಕ್ಕ ನಕ್ಕಳು. ಆಗ ಅವಳಿಗೆ ಏನು ಹೇಳಿದರೂ ನಗು. ಕೀಲುವಾತದಿಂದ ಬೆರಳು ಸೊಟ್ಟಗಾಗಿ, ಬಾಚಣಿಗೆ ಹಿಡಿಯಲೂ ಆಗದೆ ಮೂಲೆ ಸೇರಿದ್ದವಳು ಹೊಸ ಇಂಜೆಕ್ಷನ್ ಶುರುವಾದ ಮೇಲೆ ಮತ್ತೆ ಸೂಜಿ ಹಿಡಿದಿದ್ದಳು. ಅವಳಷ್ಟು ಒಪ್ಪವಾಗಿ ಅಂಚು ಹೊಲಿಯುವವರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ, ಆ ಜಂಬ ಅವಳಿಗೂ ಇತ್ತು. ಕೈ ಮರಳಿ ಬಂದದ್ದು ಅವಳಿಗೆ ಜೀವವೇ ಮರಳಿ ಬಂದ ಹಾಗಾಗಿತ್ತು.

ಆಮೇಲೆ ಅವಳಿಗೆ ಊಟ ಸೇರದಾಯಿತು. ಗಾಯದ ಸುತ್ತ ಚರ್ಮ ಬೂದು ಬಣ್ಣಕ್ಕೆ ತಿರುಗಿತು. ಡಾಕ್ಟರ ಹತ್ತಿರ ಹೋಗೋಣವೆಂದು ನಾನು ತಲೆ ತಿಂದೆ.

"ಜ್ವರ ಇಲ್ಲ, ಊತ ಇಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ? ನಿಂಗೆ ಎಲ್ಲದಕ್ಕೂ ಗಾಬರಿ," ಎಂದಳು.

ಥರ್ಮಾಮೀಟರೂ ಅವಳ ಪಕ್ಷವನ್ನೇ ವಹಿಸಿತು. ಆ ದರಿದ್ರ ಗಾಜಿನ ಕಡ್ಡಿಯನ್ನು ಮುರಿದು ಎಸೆಯಬೇಕು ಅನ್ನಿಸುತ್ತದೆ ಈಗ.

ಒಂದು ಮಧ್ಯಾಹ್ನ ಹೊಲಿದ ಅಂಚನ್ನೇ ಮತ್ತೆ ಮತ್ತೆ ಹೊಲಿಯುತ್ತಾ ಕೂತಿದ್ದಳು. ನನ್ನನ್ನು ನೋಡಿ, "ಅಮ್ಮ, ದಾರ ಕೊಡು," ಎಂದಳು. ಅಮ್ಮ ತೀರಿಕೊಂಡು ವರ್ಷಗಳೇ ಆಗಿವೆ. ಆಗಲೇ ಅವಳನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ವಿಚಾರಿಸಿದ್ದೇ ಇಂಜೆಕ್ಷನ್ ಬಗ್ಗೆ. "ಸೋಂಕು ಒಳಗೆ ಬಂದ ತಕ್ಷಣ ನಮ್ಮ ರಕ್ಷಣಾ ಕಣಗಳು ಕೆಲವು ಪ್ರೋಟೀನ್‌ಗಳನ್ನ ಹೊರಗೆ ಬಿಡ್ತವೆ. ಉಳಿದ ಕಣಗಳನ್ನ ಕೂಗಿ ಕರೆಯೋದು ಅವೇ. ಕೆಂಪಾಗೋದು, ಊದೋದು, ಜ್ವರ ಬರೋದು ಎಲ್ಲ ಅವುಗಳಿಂದಲೇ. ಇವರ ಕೀಲುಗಳಲ್ಲಿ ಅವು ಕಾರಣ ಇಲ್ಲದೇ ಕೂಗ್ತಿದ್ವು. ಇಂಜೆಕ್ಷನ್ ಅವುಗಳ ಬಾಯಿ ಕಟ್ಟಿದೆ."

"ಅಂದ್ರೆ, ಗಾಯ ತಣ್ಣಗಿದ್ದಿದ್ದು..." ಭಾವ ತಮ್ಮ ಬೆರಳುಗಳ ಹಿಂಬದಿಯನ್ನು ನೋಡಿಕೊಂಡರು.

"ಸೋಂಕು ಇತ್ತು. ಕೂಗಿ ಹೇಳೋರು ಇರಲಿಲ್ಲ. ಸದ್ದಿಲ್ಲದೆ ಮೊಣಕೈ ಹತ್ತಿರಕ್ಕೆ ಬಂದುಬಿಟ್ಟಿದೆ. ಕೈ ತೆಗೀದೇ ಇದ್ರೆ ಅವರು ಉಳಿಯಲ್ಲ."

ಆಗಲಿ ಎಂದು ಭಾವ ತಲೆಯಾಡಿಸಿದರು.

ನಾನು ಒಳಗೆ ಹೋದಾಗ ಅಕ್ಕನಿಗೆ ಎಚ್ಚರವಿತ್ತು. ಈ ಸಲ ನನ್ನ ಗುರುತು ಹಿಡಿದಳು.

"ಎಲ್ಲರ ಮುಖ ಯಾಕೆ ಹೀಗಿದೆ? ನೋಡಿಲ್ಲಿ," ಎಂದು ಕಪ್ಪಾಗುತ್ತಿದ್ದ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದಳು. ಬೆರಳುಗಳನ್ನು ಒಂದೊಂದಾಗಿ, ನಿಧಾನಕ್ಕೆ ಮಡಿಸಿ ತೋರಿಸಿದಳು. "ಸ್ವಲ್ಪಾನೂ ನೋವಿಲ್ಲ ಕಣೇ. ನಾಳೆ ಆ ಕುರ್ಚಿ ಮುಗಿಸಿಬಿಡ್ತೀನಿ."

ಭಾವ ಬಾಗಿಲಲ್ಲೇ ನಿಂತುಬಿಟ್ಟರು. ಹೇಳುವ ಕೆಲಸ ನನ್ನ ತಲೆಗೇ ಬಂತು.