ರೆಕ್ಕೆಯ ಮೇಲಿನ ಮುಚ್ಚಳ

ಅತ್ತಿಗೆ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದಳು. "ಅಲ್ಲೇ ನಿಲ್ಲು. ಬದುಕಿದ್ದಾಗ ಇಲ್ಲದ ಮಾತು ಈಗ್ಯಾಕೆ?"

ಮೈದುನ ಮೆಟ್ಟಿಲ ಮೇಲೆಯೇ ನಿಂತ. ಒಳಗೆ ನಡುಮನೆಯಲ್ಲಿ ಅಣ್ಣನ ಶವ. ಸುತ್ತ ಇದ್ದ ವಿಮಾನ ಕಾರ್ಖಾನೆಯವರು ತಲೆ ತಗ್ಗಿಸಿದರು. ಅಣ್ಣ ತಮ್ಮ ಸೇರಿ ಕಟ್ಟಿದ ಕಾರ್ಖಾನೆ ಅದು. ಅಲ್ಲಿ ಒಂದೇ ಕೋಣೆಯಲ್ಲಿ ಕೂತರೂ, ವರ್ಷಗಟ್ಟಲೆ ಇಬ್ಬರೂ ಮಾತು ಬಿಟ್ಟಿದ್ದರು.

"ಒಂದ್ಸಲ ಮುಖ ನೋಡ್ಕೊಂಡು ಹೋಗ್ತೀನಿ ಅತ್ತಿಗೆ."

"ಮೊದ್ಲು ನನ್ನ ಮಗಳ ಕಾಲು ನೋಡು."

*

ವರ್ಷಗಳ ಹಿಂದೆ, ಸಣ್ಣ ವಿಮಾನದ ರೆಕ್ಕೆಯಲ್ಲಿರುವ ಇಂಧನದ ಟ್ಯಾಂಕಿಗೆ ಅಣ್ಣ ಉಬ್ಬಿದ ಮುಚ್ಚಳದ ನಕ್ಷೆ ಬರೆದಿದ್ದ, ಮಳೆನೀರು ಜಾರಿ ಹೋಗಲೆಂದು. ತಮ್ಮ ನಕ್ಕುಬಿಟ್ಟ.

"ಚೆಂದದ ಮುಖದ ಮೇಲೆ ಗುಳ್ಳೆ ಎದ್ದಂಗಿದೆ. ರೆಕ್ಕೆಗೆ ಸಮವಾಗಿ ಕೂರೋ ಹಾಗೆ ಮಾಡಣ್ಣ."

"ಸಮವಾಗಿದ್ರೆ ಸುತ್ತ ನೀರು ನಿಲ್ಲುತ್ತೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ರೆ ಆ ನೀರೆಲ್ಲಾ ಟ್ಯಾಂಕಿನ ಒಳಗೇ."

"ಹುಟ್ಟಿದಾಗಿಂದ ಕೊಡೆ ಹಿಡ್ಕೊಂಡೇ ಓಡಾಡ್ತಿದೀಯ, ಬಿಡು!"

ವಾದ ಮಾಡಿ ಸಾಕಾಗಿ, ಅಣ್ಣನೇ ಸಮ ಮುಚ್ಚಳದ ನಕ್ಷೆ ಬರೆದುಕೊಟ್ಟ.

ಮಳೆ ಹೊಳವಾದ ಒಂದು ಬೆಳಿಗ್ಗೆ, ಹಟ ಹಿಡಿದ ಅಣ್ಣನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ವಿಮಾನ ಹಾರಿಸಿದ. ಟ್ಯಾಂಕಿನ ತಳದಲ್ಲಿ ನೀರಿದೆಯೇ ಎಂದು ಬಸಿದು ನೋಡುವ ವ್ಯವಧಾನ ಅವನಿಗಿರಲಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ಕೆಮ್ಮಿತು, ನಿಂತಿತು.

"ಚಿಕ್ಕಪ್ಪ, ಸದ್ದು ಯಾಕೆ ನಿಂತ್ಹೋಯ್ತು?"

ಉತ್ತರ ಹೇಳುವ ಮೊದಲೇ ಹೊಲ ಎದುರಿಗೆ ಬಂದಿತ್ತು.

ಅಣ್ಣ ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಹೋಗಿ ಉಬ್ಬಿದ ಮುಚ್ಚಳದ ಹಳೆಯ ನಕ್ಷೆಯನ್ನು ತಮ್ಮನ ಮೇಜಿನ ಮೇಲಿಟ್ಟ. ತಮ್ಮ ಅದಕ್ಕೆ ಸಹಿ ಹಾಕಿದ. ಮಾರಿದ ವಿಮಾನಗಳನ್ನೆಲ್ಲ ಹುಡುಕಿಕೊಂಡು ಹೋಗಿ ಇಬ್ಬರೂ ಕೂಡಿಯೇ ಮುಚ್ಚಳ ಬದಲಿಸಿದರು. ಸ್ಪ್ಯಾನರ್ ಬೇಕಾದರೆ ಸುಮ್ಮನೆ ಕೈ ಚಾಚುತ್ತಿದ್ದರು.

*

"ಅಮ್ಮಾ, ಕೈ ತೆಗಿ." ಮಗಳು ಕುಂಟುತ್ತ ಬಾಗಿಲಿಗೆ ಬಂದಳು. "ಅಪ್ಪ ಸಿಟ್ಟಿಂದ ಮಾತು ಬಿಟ್ಟಿದ್ದಲ್ಲ."

"ಮತ್ತೆ?"

"ಬೇಡ ಅಂತ ಗೊತ್ತಿದ್ದೂ ಆ ನಕ್ಷೆ ಬರೆದುಕೊಟ್ಟಿದ್ದು ನಾನೇ ಅಲ್ವಾ? ಚಿಕ್ಕಪ್ಪನಿಗೆ ಯಾವ ಬಾಯಲ್ಲಿ ಬೈಲಿ, ಯಾವ ಬಾಯಲ್ಲಿ ಸಮಾಧಾನ ಹೇಳ್ಲಿ ಅಂತಿದ್ರು."

ಆದರೂ ಅತ್ತಿಗೆಯ ಕೈ ಇಳಿಯಲಿಲ್ಲ. ಮಗಳೇ ಚೌಕಟ್ಟಿನಿಂದ ಒಂದೊಂದೇ ಬೆರಳು ಬಿಡಿಸಿದಳು.

ಶವದ ಪೆಟ್ಟಿಗೆ ಎತ್ತುವಾಗ ಮುಂದಿನ ಒಂದು ಹೆಗಲು ಮಗಳದು, ಇನ್ನೊಂದು ಚಿಕ್ಕಪ್ಪನದು. ಹಿಂದಿನವರು ಬಿರುಸಾಗಿ ಹೆಜ್ಜೆ ಹಾಕಿದರು.

"ನಿಧಾನ," ಎಂದ ಅವನು, ತಿರುಗದೆ. ಅವಳ ಕುಂಟು ಎಡಗಾಲು ನೆಲ ಮುಟ್ಟುವ ತನಕ ತನ್ನ ಪಾದವನ್ನು ಎತ್ತಿಯೇ ಹಿಡಿದಿದ್ದು, ಆಮೇಲೆ ಊರಿದ.