ಬತ್ತಿಯ ಗಡಿಗೆ

ಪಾರಮ್ಮ ಎತ್ತಿದ ಕೊಡಲಿ ಬೀಳುವ ಮೊದಲೇ ಗಿಡ ಕಾಯುವ ಜಂಗಲಾತಿನ ಜವಾನ ಕೊಟ್ರಬಸಪ್ಪ ಓಡಿಬಂದು ಅವಳ ಮುಂದೆ ನಿಂತ.

"ಕೊಡ್ಲಿ ಇಳಸವ್ವಾ. ನಿಜಾಮ ಸರ್ಕಾರದ ಗಿಡ ಇವು."

"ಎರಡ ಗಳ ಸಾಕ್ರಿ. ಅಪ್ಪನ್ನ ಹೊರಾಕ."

ಯಲಬುರ್ಗಾದ ಮುಸಾಫಿರ ಬಂಗಲೆಯ ಸುತ್ತಲಿನ ನೀಲಗಿರಿ ಗಿಡಗಳಿಗೆ ಹನ್ನೆರಡು ವರ್ಷ ನೀರು ಹೊತ್ತ ಅವಳ ಅಪ್ಪ ದುರಗಪ್ಪ ಆ ನಸುಕಿನಲ್ಲಿ ಸತ್ತಿದ್ದ. ಮೂರು ವರ್ಷದ ಕೆಳಗೆ ತಂತಿ ಕಂಬಕ್ಕೆಂದು ಒಂದು ಸಾಲು ಕಡಿದಿದ್ದರು. ಆ ಬೊಡ್ಡೆಗಳಿಂದಲೇ ಮತ್ತೆ ಎದ್ದ ಗಳಗಳು ಮುಂಗೈ ದಪ್ಪ, ನೆಟ್ಟಗೆ. ಚಟ್ಟಕ್ಕೆ ಹೇಳಿ ಮಾಡಿಸಿದಂತಿದ್ದವು. ಕೊಟ್ರಬಸಪ್ಪ ಕೆಟ್ಟವನಲ್ಲ. ತಹಸೀಲಿನಿಂದ ಚೀಟಿ ತಂದರೆ ತಾನೇ ಕಡಿದು ಹೊತ್ತು ತರುತ್ತೇನೆಂದ. ತಹಸೀಲ್ದಾರ ಕೊಪ್ಪಳಕ್ಕೆ ಹೋಗಿದ್ದ, ಬರುವುದು ನಾಡಿದ್ದು. ಹೆಣ ಅಲ್ಲಿಯತನಕ ಕಾಯುತ್ತದೆಯೇ? ಒಂದೊಂದು ಗಿಡಕ್ಕೂ ದಫ್ತರದಲ್ಲಿ ನಂಬರಿತ್ತು. ದುರಗಪ್ಪನಿಗೆ ಇರಲಿಲ್ಲ.

"ನಾಕ ಎಲಿ ತಂದು ಉಗಿ ಕೊಡ್ತೀನಂದ್ರ ಅಪ್ಪನೂ ಹಿಂಗ ಅಂದ," ಎಂದಳು ಪಾರಮ್ಮ. "ಸರ್ಕಾರದ್ದು, ಮುಟ್ಟಬ್ಯಾಡ ಅಂತ. ಕೆಮ್ಮಿ ಕೆಮ್ಮಿ ಸತ್ತ."

ಜವಾನ ನೆಲ ನೋಡಿದ. ದಾರಿ ಮಾತ್ರ ಬಿಡಲಿಲ್ಲ.

*

ಹನ್ನೆರಡು ವರ್ಷದ ಕೆಳಗೆ ಸಸಿ ನೆಡಿಸಿದ ಸಾಹೇಬರು, ಈ ಗಿಡ ಎಂಥ ಬಿಸಿಲಿಗೂ ಜಗ್ಗುವುದಿಲ್ಲ ಎಂದು ಹೇಳಿ ಹೋಗಿದ್ದರು. ಸಸಿಗಳಿಗೆ ಅದು ಗೊತ್ತಿರಲಿಲ್ಲ. ಮೊದಲ ಬೇಸಗೆಗೇ ಒಣಗತೊಡಗಿದವು. ದುರಗಪ್ಪ ಗಡಿಗೆಗಳ ಬುಡಕ್ಕೆ ತೂತು ಕೊರೆದ. ಹೆಂಡತಿ ಪಕ್ಕೀರವ್ವನ ಹರಕು ಸೀರೆ ಹೊಸೆದು ಬತ್ತಿ ಮಾಡಿ ತೂತಿಗೆ ತುರುಕಿದ. ಒಂದೊಂದು ಸಸಿಯ ಮಗ್ಗುಲಲ್ಲಿ ಒಂದೊಂದು ಗಡಿಗೆಯನ್ನು ಕುತ್ತಿಗೆಮಟ ಹೂತ. ಒಮ್ಮೆ ತುಂಬಿದರೆ ಮೂರು ದಿನ ತೇವ.

ತೂತಿನ ಗಡಿಗೆ ಹೊತ್ತು ಹೆಣದ ಸುತ್ತ ತಿರುಗುವುದಲ್ಲವೇ? ಊರ ಹೆಂಗಸರು ಅವನನ್ನು ಬಾವಿಗೆ ಬಿಡಲಿಲ್ಲ. ಅವನು ಹಳ್ಳದಿಂದ ನೀರು ಹೊತ್ತ.

"ಜೀವ ಇದ್ದಾಗನ ಯಾರರ ಗಡಿಗಿ ತೂತ ಮಾಡ್ತಾರೇನು?" ಎಂದು ಪಕ್ಕೀರವ್ವ ಅತ್ತಳು.

"ಒಂದ ನನಗ ಎತ್ತಿಟ್ಟಿರು," ಎಂದು ಅವನು ನಕ್ಕ.

ಅವಳೇ ಮೊದಲು ಹೋದಳು. ಅವಳು ಎತ್ತಿಟ್ಟ ಬತ್ತಿಯ ಗಡಿಗೆ ಗುಡಿಸಲ ಮೂಲೆಯಲ್ಲಿ ಉಳಿಯಿತು.

*

ಕೊನೆಗೆ ಗುಡಿಸಲ ಮಾಡಿನಿಂದ ಎರಡು ಗಳ ಕಿತ್ತರು. ಚಟ್ಟ ಎದ್ದಾಗ ಮಾಡು ಒಂದು ಮಗ್ಗುಲಿಗೆ ಕುಸಿದಿತ್ತು.

ಕುಣಿಯ ಬಳಿ ದುರಗಪ್ಪನ ತಮ್ಮ ಹುಲಗಪ್ಪ ಗಡಿಗೆಗೆ ಹೆಗಲು ಕೊಟ್ಟ. ಪಾರಮ್ಮ ಮೂಲೆಯ ಆ ಗಡಿಗೆಯನ್ನೇ ತುಂಬಿ ತಂದಿದ್ದಳು. ಅವನು ಒಂದು ಸುತ್ತು ಬಂದ; ನೀರು ಧಾರೆಯಾಗಿ ಬೀಳಲಿಲ್ಲ. ಬತ್ತಿ ಅದನ್ನು ತಡೆದಿತ್ತು. ಮೂರು ಸುತ್ತು ಮುಗಿದರೂ ಗಡಿಗೆ ತುಂಬಿಯೇ ಇತ್ತು, ಅವನ ಬೆನ್ನಿನ ಮೇಲೆ ಮಾತ್ರ ಒಂದೊಂದೇ ಹನಿ. ಹಿಂದಕ್ಕೆ ಎಸೆದು ಒಡಿ ಎಂದು ಹಿರಿಯರು ಗದರಿಸಿದರು. ಅವನಿಗೆ ಕೈ ಏಳಲಿಲ್ಲ.

"ಏನ ಮಾಡ್ಲಿ ಯವ್ವಾ?"

"ಒಡೀಬ್ಯಾಡ ಕಾಕಾ. ನೀರು ಮೂರ ದಿನ ಬರ್ತೈತಿ."

ಮಣ್ಣು ಮುಚ್ಚಿದ ಮೇಲೆ ಅವಳು ತಲೆಯ ಕಡೆ ಕೈಯಿಂದಲೇ ಕೆದರಿ, ಗಡಿಗೆಯನ್ನು ಕುತ್ತಿಗೆಮಟ ಹೂತಳು. ಬಂಗಲೆಯ ಕಡೆಯ ಗಾಳಿ ನೀಲಗಿರಿಯ ವಾಸನೆ ಹೊತ್ತು ಬಂತು. ಗಡಿಗೆಯ ಮಗ್ಗುಲಲ್ಲಿ ಸಸಿ ಇರಲಿಲ್ಲ. ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ನೀರು ಒಂದು ಬೆರಳು ಇಳಿದಿತ್ತು.